ನೋಡಿದ್ದರ ಋಣ

ವಾರವಿಡೀ ಓದಿ ದಣಿದ ವಿದ್ಯಾರ್ಥಿ ಶನಿವಾರ, ಭಾನುವಾರ ಕೂತು ಸಿನಿಮಾ ನೋಡುವುದು ತಪ್ಪೇ? ಮೇಲ್ನೋಟಕ್ಕೆ ಇದು ತೀರಾ ಸಣ್ಣ ಪ್ರಶ್ನೆ. ಬಡತನ, ನಿರುದ್ಯೋಗ, ಕೋಮುದ್ವೇಷಗಳ ನಡುವೆ ಇದನ್ನೂ ಒಂದು ನೈತಿಕ ಪ್ರಶ್ನೆಯೆಂದು ಕರೆಯಲು ಸಂಕೋಚವಾಗಬಹುದು. ಆದರೆ ಕಾಲೇಜಿಗೆ ಹೋಗುವ ಮಕ್ಕಳಿರುವ ಮನೆಗಳಲ್ಲಿ ವಾರಕ್ಕೊಮ್ಮೆಯಾದರೂ ಇದು ಜಗಳದ ರೂಪದಲ್ಲಿ ಎದ್ದು ನಿಲ್ಲುತ್ತದೆ. "ಬೆಳಗ್ಗಿಂದ ಆ ಫೋನು ಕೆಳಗಿಟ್ಟಿದ್ದೀಯೇನೋ?" ಎಂದು ತಂದೆ ಗದರುತ್ತಾರೆ. "ವಾರವೆಲ್ಲ ಓದಿಲ್ವೇನಪ್ಪಾ, ಎರಡು ದಿನ ಬಿಡಿ" ಎಂದು ಮಗ ಗೊಣಗುತ್ತಾನೆ. ತಂದೆಯ ದೃಷ್ಟಿಯಲ್ಲಿ ಅದು ಹಾಳಾದ ಸಮಯ. ಮಗನ ದೃಷ್ಟಿಯಲ್ಲಿ ದುಡಿದು ಸಂಪಾದಿಸಿದ ಬಿಡುವು. ಇಬ್ಬರೂ ಗಡಿಯಾರ ಹಿಡಿದೇ ಮಾತಾಡುತ್ತಾರೆ. ಎಷ್ಟು ಹೊತ್ತು ನೋಡಿದ ಎಂಬುದರಲ್ಲೇ ಮಾತು ಮುಗಿಯುತ್ತದೆ. ಏನು ನೋಡಿದ, ನೋಡಿದ ಮೇಲೆ ಏನಾದ ಎಂಬ ಪ್ರಶ್ನೆ ಯಾರ ಬಾಯಿಂದಲೂ ಬರುವುದಿಲ್ಲ.

ಈ ಚರ್ಚೆಗಾಗಿ ಹಾಸನ ಜಿಲ್ಲೆಯ ಗೊರೂರಿನ ಒಬ್ಬ ವಿದ್ಯಾರ್ಥಿಯನ್ನು ಕಲ್ಪಿಸಿಕೊಳ್ಳೋಣ. ಗೊರೂರನ್ನೇ ಆರಿಸಿಕೊಳ್ಳುವುದಕ್ಕೆ ಕಾರಣವಿದೆ. ಹೇಮಾವತಿ ನದಿಯ ದಂಡೆಯ ಈ ಊರು ಗೊರೂರು ರಾಮಸ್ವಾಮಿ ಅಯ್ಯಂಗಾರ್ (1904-1991) ಅವರ ಮೂಲಕ ಕನ್ನಡ ಸಾಹಿತ್ಯಕ್ಕೂ, ಅವರ ಕತೆಯನ್ನು ಆಧರಿಸಿದ 'ಭೂತಯ್ಯನ ಮಗ ಅಯ್ಯು' ಮೂಲಕ ಕನ್ನಡ ಚಿತ್ರರಂಗಕ್ಕೂ ಸೇರಿದ್ದು. 1979ರಲ್ಲಿ ಪೂರ್ಣಗೊಂಡ ಹೇಮಾವತಿ ಅಣೆಕಟ್ಟೆಯೂ ಇಲ್ಲೇ ಇದೆ. ನಮ್ಮ ವಿದ್ಯಾರ್ಥಿ ದಿನವೂ ಇಪ್ಪತ್ತು ಚಿಲ್ಲರೆ ಕಿಲೋಮೀಟರ್ ದೂರದ ಹಾಸನಕ್ಕೆ ಬಸ್ಸಿನಲ್ಲಿ ಹೋಗಿ ಓದುತ್ತಾನೆ ಎಂದಿಟ್ಟುಕೊಳ್ಳೋಣ. ಅವನ ಹೆಸರು ಆನಂದನೋ ಅಬ್ದುಲ್ಲನೋ ಎಂಬುದರಿಂದ ಈ ಚರ್ಚೆಗೆ ಏನೂ ವ್ಯತ್ಯಾಸವಾಗದು. ಹುಡುಗನೋ ಹುಡುಗಿಯೋ ಎಂಬುದರಿಂದ ಮಾತ್ರ ಆಗುತ್ತದೆ. ಅದನ್ನು ಮುಂದೆ ನೋಡೋಣ.

ಒಂಬತ್ತು ಗಂಟೆ ಎಲ್ಲಿ ಹೋಯಿತು?

ಮೊದಲು ತಂದೆಯ ದೂರನ್ನೇ ಪರಿಶೀಲಿಸೋಣ. ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಮನೆ ಸೇರಿದವನು ಭಾನುವಾರ ರಾತ್ರಿ ಹತ್ತಕ್ಕೆ ಮಲಗುತ್ತಾನೆಂದರೆ ಒಟ್ಟು 32 ಗಂಟೆ. ನಿದ್ದೆಗೆ 8, ಊಟ, ಸ್ನಾನ, ಪ್ರಾರ್ಥನೆ, ಅಂಗಡಿಗೆ ಹೋಗಿಬರುವುದು ಇತ್ಯಾದಿಗಳಿಗೆ 5 ಗಂಟೆ ಕಳೆದರೂ 19 ಗಂಟೆ ಉಳಿಯಿತು. ಎರಡೂವರೆ ಗಂಟೆಯ ನಾಲ್ಕು ಸಿನಿಮಾ ನೋಡಿದರೂ ಆಗುವುದು 10 ಗಂಟೆ. ಅಂದರೆ ನಾಲ್ಕು ಸಿನಿಮಾ ನೋಡಿದ ಮೇಲೂ 9 ಗಂಟೆ ಕೈಯಲ್ಲಿರುತ್ತದೆ. ಒಂದು ಅಸೈನ್‌ಮೆಂಟ್ ಬರೆಯಲು, ರೆಕಾರ್ಡ್ ಪುಸ್ತಕ ಮುಗಿಸಲು, ಬರುವ ವಾರದ ಇಂಟರ್ನಲ್ಸ್‌ಗೆ ಒಂದೆರಡು ಅಧ್ಯಾಯ ಓದಲು ಅದು ಧಾರಾಳ ಸಾಕು.

ಆದರೂ ಭಾನುವಾರ ರಾತ್ರಿ ಅಸೈನ್‌ಮೆಂಟ್ ಹಾಳೆ ಖಾಲಿಯಾಗಿಯೇ ಇರುತ್ತದೆ. ಹಾಗಾದರೆ ಆ ಒಂಬತ್ತು ಗಂಟೆಯನ್ನು ನುಂಗಿದ್ದು ಯಾರು? ಸಿನಿಮಾವಂತೂ ಅಲ್ಲ. ಯಾವ ಸಿನಿಮಾ ನೋಡಲಿ ಎಂದು ಬೆರಳಾಡಿಸುತ್ತಾ ಕೂತ ಹೊತ್ತು, ಒಂದು ಮುಗಿಯುತ್ತಿದ್ದಂತೆ ಫೋನ್ ತಾನಾಗಿಯೇ ಮುಂದಿಟ್ಟ ತುಣುಕುಗಳನ್ನು ನೋಡಿದ ಹೊತ್ತು, ಪುಸ್ತಕ ತೆರೆದಿಟ್ಟುಕೊಂಡು ಸಿನಿಮಾದ ಬಗ್ಗೆ ಯೋಚಿಸಿದ ಹೊತ್ತು, ಸಿನಿಮಾ ನೋಡುತ್ತಾ ಪುಸ್ತಕದ ಬಗ್ಗೆ ಅಳುಕಿದ ಹೊತ್ತು ಇವೆಲ್ಲ ಸೇರಿ ಅದನ್ನು ನುಂಗಿವೆ. ಅವನು ಪೂರ್ತಿಯಾಗಿ ಓದಲಿಲ್ಲ, ಪೂರ್ತಿಯಾಗಿ ಸಿನಿಮಾವನ್ನೂ ನೋಡಲಿಲ್ಲ. ಸೋಮವಾರ ಬೆಳಿಗ್ಗೆ ಬಸ್ ಹತ್ತುವಾಗ ದಣಿವು ಶನಿವಾರದಷ್ಟೇ ಇರುತ್ತದೆ. ಓದಿದ ತೃಪ್ತಿಯೂ ಇಲ್ಲ, ವಿಶ್ರಾಂತಿಯೂ ಇಲ್ಲ.

ಹಿಂದಿನ ತಲೆಮಾರಿನವರು ಸಿನಿಮಾ ನೋಡಿದ ರೀತಿಯೇ ಬೇರೆ. ಊರಾಚೆಯ ಬಯಲಿನಲ್ಲಿ ಟೂರಿಂಗ್ ಟಾಕೀಸಿನ ಟೆಂಟ್ ಬಂದಾಗ ಮೈಲಿಗಟ್ಟಲೆ ನಡೆದು, ನೆಲದ ಮೇಲೆ ಕೂತು ನೋಡುತ್ತಿದ್ದರು. ತಿಂಗಳಿಗೋ ಎರಡು ತಿಂಗಳಿಗೋ ಒಂದು ಚಿತ್ರ. ಹಿಂತಿರುಗುವ ದಾರಿಯುದ್ದಕ್ಕೂ ಅದೇ ಮಾತು. ಮುಂದಿನ ಹದಿನೈದು ದಿನ ಗದ್ದೆಯ ಬದುವಿನಲ್ಲಿ, ಹೊಳೆಯ ಸೋಪಾನದಲ್ಲಿ ಅದೇ ಚರ್ಚೆ. ಅವರು ನಮಗಿಂತ ಒಳ್ಳೆಯವರಾಗಿದ್ದರೆಂದು ಇದರ ಅರ್ಥವಲ್ಲ. ಸಿಗುವುದು ಅಪರೂಪವಾಗಿದ್ದರಿಂದ ಸಿಕ್ಕಿದ್ದನ್ನು ಅವರು ಮೆಲುಕು ಹಾಕಿದರು, ಅಷ್ಟೆ. 2016ರ ನಂತರ ಅಗ್ಗದ ಇಂಟರ್‌ನೆಟ್ ಹಳ್ಳಿಹಳ್ಳಿಗೆ ತಲುಪಿದ ಮೇಲೆ ಆ ಅಪರೂಪ ಇಲ್ಲವಾಯಿತು. ಹಸು ಮೇಯುವುದಕ್ಕೆ ಎಷ್ಟು ಹೊತ್ತು ಬೇಕೋ ಮೆಲುಕು ಹಾಕುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು. ಮೇಯುತ್ತಲೇ ಇರುವ ಹಸುವಿಗೆ ಏನಾಗುತ್ತದೆಂದು ದನ ಸಾಕಿದವರಿಗೆ ಗೊತ್ತು.

ಈ ಬಿಡುವು ಯಾರು ಕೊಟ್ಟದ್ದು?

ಇನ್ನು ಮಗನ ವಾದಕ್ಕೆ ಬರೋಣ. 'ವಾರವೆಲ್ಲ ದುಡಿದಿದ್ದೇನೆ, ಈ ಎರಡು ದಿನ ನನ್ನವು' ಎಂಬುದು ಅವನ ವಾದ. ಇದರಲ್ಲಿ ನ್ಯಾಯವಿದೆ. ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿ, ಹೆಚ್ಚಿನ ಪಾಲು ಇಂಗ್ಲಿಷಿನಲ್ಲಿ ನಡೆಯುವ ಪಾಠವನ್ನು ಅರ್ಥ ಮಾಡಿಕೊಳ್ಳಲು ಹೆಣಗುವ, ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜು ಕಂಡ ಹುಡುಗನ ದಣಿವು ಸಣ್ಣದಲ್ಲ. ಅವನಿಗೆ ಸಿನಿಮಾ ಒಂದು ಕಿಟಕಿಯೂ ಹೌದು. ಇರಾನಿನ ಒಂದು ಬಡ ಮನೆಯನ್ನು, ಬಂಗಾಳದ ಒಂದು ಹಳ್ಳಿಯನ್ನು ಅವನು ಇನ್ನಾವ ದಾರಿಯಲ್ಲಿ ಕಾಣಬೇಕು?

ಆದರೆ 'ನನ್ನವು' ಎಂಬ ಮಾತನ್ನು ಅಷ್ಟು ಸುಲಭವಾಗಿ ಒಪ್ಪಲಾಗದು. ಅದೇ ಎರಡು ದಿನ ಅದೇ ಮನೆಯಲ್ಲಿ ಉಳಿದವರು ಏನು ಮಾಡುತ್ತಿದ್ದಾರೆಂದು ನೋಡಬೇಕು. ಹಾಸನ ಸೀಮೆಯ ಆಲೂಗಡ್ಡೆ ಹೊಲಕ್ಕಾಗಲಿ, ಅರಕಲಗೂಡು ಕಡೆಯ ಹೊಗೆಸೊಪ್ಪಿಗಾಗಲಿ ವಾರಾಂತ್ಯವಿಲ್ಲ. ಗ್ಯಾರೇಜಿನಲ್ಲಿ, ಗುಜರಿ ಅಂಗಡಿಯಲ್ಲಿ, ಸಂತೆಯಲ್ಲಿ ದುಡಿಯುವ ತಂದೆಗೆ ಭಾನುವಾರವೇ ಹೆಚ್ಚು ವ್ಯಾಪಾರದ ದಿನ. ತಾಯಿಯ ಒಲೆಗಂತೂ ರಜೆಯೆಂಬುದೇ ಇಲ್ಲ. ಅದೇ ಕಾಲೇಜಿನಲ್ಲಿ ಅದೇ ತರಗತಿಯಲ್ಲಿ ಓದುವ ಅಕ್ಕ ಇದ್ದಾಳೆನ್ನಿ. ಅವಳಿಗೂ ಅಸೈನ್‌ಮೆಂಟ್ ಇದೆ, ಅವಳಿಗೂ ಇಂಟರ್ನಲ್ಸ್ ಇದೆ. ಆದರೆ ವಾರದ ಬಟ್ಟೆಯ ರಾಶಿ ಅವಳಿಗಾಗಿ ಭಾನುವಾರದವರೆಗೆ ಕಾದಿರುತ್ತದೆ. ತರಕಾರಿ ಹೆಚ್ಚುತ್ತಾ ಟಿ.ವಿ.ಯತ್ತ ಕಣ್ಣು ಹಾಯಿಸಿದ ಹತ್ತು ನಿಮಿಷವೇ ಅವಳ ಮನರಂಜನೆ. ತಮ್ಮ ನಾಲ್ಕು ಸಿನಿಮಾ ನೋಡಿದರೆ 'ಹುಡುಗ, ಹೋಗಲಿ ಬಿಡಿ' ಎನ್ನುವ ಮನೆ, ಅವಳು ಒಂದನ್ನು ಪೂರ್ತಿ ನೋಡಿದರೆ 'ಹೆಣ್ಣುಮಗಳಿಗೆ ಇಷ್ಟೊಂದು ಸಿನಿಮಾ ಹುಚ್ಚೇ?' ಎನ್ನುತ್ತದೆ.

ಆದ್ದರಿಂದ ಬಿಡುವೆಂಬುದು ಒಬ್ಬನು ತಾನೇ ಗಳಿಸಿದ ಆಸ್ತಿಯಲ್ಲ. ಅದು ಇತರರ ದುಡಿಮೆಯಿಂದ ಅವನಿಗೆ ಬಂದ ಅಮಾನತ್ತು. ಆರೋಗ್ಯ ಮತ್ತು ಬಿಡುವು ಎಂಬ ಎರಡು ಅನುಗ್ರಹಗಳ ವಿಷಯದಲ್ಲಿ ಹೆಚ್ಚಿನ ಜನ ನಷ್ಟ ಹೊಂದುತ್ತಾರೆಂಬ ಪ್ರವಾದಿ ಮುಹಮ್ಮದ್(ಸ)ರ ಮಾತು ಪ್ರಸಿದ್ಧ. ಅಲ್ಲಿ ಬಿಡುವನ್ನು ಅನುಗ್ರಹವೆಂದೇ ಕರೆಯಲಾಗಿದೆ ಎಂಬುದನ್ನು ಗಮನಿಸಬೇಕು. ಬಿಡುವು ಇರುವುದು ಪಾಪವಲ್ಲ, ಅದನ್ನು ಅನುಭವಿಸುವುದೂ ಪಾಪವಲ್ಲ. ಆದರೆ ಅಮಾನತ್ತನ್ನು ಕೊಟ್ಟವರನ್ನು ಮರೆತು ಅನುಭವಿಸುವುದು ಕೃತಘ್ನತೆ. ಭಾನುವಾರ ಬೆಳಿಗ್ಗೆ ಅರ್ಧ ಬಟ್ಟೆ ತಾನು ಒಗೆದು, ಅಕ್ಕನನ್ನೂ ಕೂರಿಸಿಕೊಂಡು ಒಂದು ಸಿನಿಮಾ ನೋಡುವ ತಮ್ಮನ ವಾರಾಂತ್ಯ ನೈತಿಕವಾಗಿ ಬೇರೆಯೇ ಆಗುತ್ತದೆ. ನೋಡಿದ ಸಿನಿಮಾ ಅದೇ ಆಗಿದ್ದರೂ ಸರಿ.

ಕಣ್ಣೀರಿನ ಬೆಲೆ

ಸಿನಿಮಾ ಮನುಷ್ಯನನ್ನು ಕೆಡಿಸುತ್ತದೆಂದು ಕೆಲವರು, ತಿದ್ದುತ್ತದೆಂದು ಕೆಲವರು ವಾದಿಸುತ್ತಾರೆ. ಅಶ್ಲೀಲತೆ, ಹಿಂಸೆಯ ವೈಭವೀಕರಣ ಇವು ಕೆಡಿಸುತ್ತವೆಂಬುದನ್ನು ಹೆಚ್ಚು ವಿವರಿಸಬೇಕಿಲ್ಲ. ಅಂಥವುಗಳಿಂದ ದೂರವಿರಬೇಕೆಂಬುದನ್ನು ಯಾವ ಮನೆಯೂ ಒಪ್ಪುತ್ತದೆ. ಕಷ್ಟವಾದ ಪ್ರಶ್ನೆ ಇರುವುದು ಒಳ್ಳೆಯ ಸಿನಿಮಾದ ಬಗ್ಗೆ. ಒಳ್ಳೆಯ ಸಿನಿಮಾ ನೋಡಿ ಅತ್ತವನು ಒಳ್ಳೆಯವನಾದನೇ?

ಈ ಪ್ರಶ್ನೆ ಸಿನಿಮಾಕ್ಕಿಂತ ಬಹಳ ಹಳೆಯದು. ಕ್ರಿ.ಶ. 354ರಲ್ಲಿ ಇಂದಿನ ಅಲ್ಜೀರಿಯಾದ ತಗಾಸ್ತೆ ಎಂಬ ಸಣ್ಣ ಊರಿನಲ್ಲಿ ಹುಟ್ಟಿದ ಅಗಸ್ಟೀನ್ ಎಂಬ ಹುಡುಗ, ಹದಿನೇಳರ ಆಸುಪಾಸಿನಲ್ಲಿ ಓದಲೆಂದು ಕಾರ್ಥೇಜ್ ಪಟ್ಟಣಕ್ಕೆ ಹೋದ. ಮನೆಯಲ್ಲಿ ಹಣದ ಅಡಚಣೆಯಿಂದ ಅದಕ್ಕೆ ಮೊದಲು ಒಂದು ವರ್ಷ ಓದು ನಿಂತಿತ್ತು. ಪಟ್ಟಣಕ್ಕೆ ಹೋದವನಿಗೆ ನಾಟಕದ ಹುಚ್ಚು ಹಿಡಿಯಿತು. ಮುಂದೆ ಕ್ರೈಸ್ತ ಧರ್ಮದ ದೊಡ್ಡ ಚಿಂತಕನಾದ ಮೇಲೆ ತನ್ನ ಆತ್ಮಕಥನದಲ್ಲಿ ಆ ದಿನಗಳನ್ನು ನೆನೆಯುತ್ತಾ ಆತ ಒಂದು ಪ್ರಶ್ನೆ ಎತ್ತುತ್ತಾನೆ. ತನಗೆ ಬರಬಾರದೆಂದು ಬಯಸುವ ದುಃಖವನ್ನು ಮನುಷ್ಯ ರಂಗದ ಮೇಲೆ ದುಡ್ಡುಕೊಟ್ಟು ನೋಡಲು ಯಾಕೆ ಬಯಸುತ್ತಾನೆ? ನೆರವಿಗೆ ಧಾವಿಸು ಎಂದು ಕರೆಯದ, ಸುಮ್ಮನೆ ಕೂತು ಅಳು ಎಂದಷ್ಟೇ ಹೇಳುವ ಆ ಕರುಣೆ ಎಂಥ ಕರುಣೆ? ಸಾವಿರದ ಆರುನೂರು ವರ್ಷಗಳ ಹಿಂದಿನ ಈ ಪ್ರಶ್ನೆ ಇಂದು ಫೋನ್ ಹಿಡಿದು ಕೂತ ವಿದ್ಯಾರ್ಥಿಗೂ ಹಾಗೆಯೇ ಅನ್ವಯಿಸುತ್ತದೆ.

ನಮ್ಮ ನಾಡಿನ ಕಾವ್ಯಮೀಮಾಂಸೆ ಇದನ್ನು ಬೇರೆ ಬಗೆಯಲ್ಲಿ ನೋಡಿದೆ. ಭರತನ ನಾಟ್ಯಶಾಸ್ತ್ರದಿಂದ ಬೆಳೆದುಬಂದ ರಸಸಿದ್ಧಾಂತದ ಪ್ರಕಾರ, ನೋಡುವವನು ಸಹೃದಯನಾಗಿದ್ದರೆ 'ನಾನು, ನನ್ನದು' ಎಂಬ ಬೇಲಿ ಸ್ವಲ್ಪ ಹೊತ್ತು ಕಳಚಿ ಬೀಳುತ್ತದೆ. ಪಾತ್ರದ ಶೋಕ ಯಾರೋ ಒಬ್ಬರ ಶೋಕವಾಗಿ ಉಳಿಯದೆ ಎಲ್ಲರದ್ದೂ ಆಗುತ್ತದೆ. ಇದು ಕೇವಲ ಮೋಜಲ್ಲ, ಮನಸ್ಸಿನ ಒಂದು ದೊಡ್ಡ ಸಾಧ್ಯತೆ. ಅಗಸ್ಟೀನನ ಅನುಮಾನವೂ ನಿಜ, ರಸದ ಅನುಭವವೂ ನಿಜ. ಬೇಲಿ ಕಳಚಿ ಬೀಳುವುದು ನಿಜವಾದರೆ, ಚಿತ್ರ ಮುಗಿದ ಮೇಲೆ ಅದು ಮತ್ತೆ ಎದ್ದು ನಿಲ್ಲುತ್ತದೆಯೇ ಇಲ್ಲವೇ ಎಂಬುದೇ ಉಳಿಯುವ ಪ್ರಶ್ನೆ.

ನಮ್ಮ ವಿದ್ಯಾರ್ಥಿ ಶನಿವಾರ ಮಧ್ಯಾಹ್ನ ತನ್ನದೇ ಊರಿನ ಲೇಖಕರ ಕತೆಯಾದ 'ಭೂತಯ್ಯನ ಮಗ ಅಯ್ಯು' ನೋಡುತ್ತಾನೆನ್ನಿ. 1974ರಲ್ಲಿ ಸಿದ್ಧಲಿಂಗಯ್ಯ ನಿರ್ದೇಶಿಸಿದ ಚಿತ್ರ ಅದು. ಲೋಕೇಶ್ ಅಯ್ಯುವಾಗಿ, ವಿಷ್ಣುವರ್ಧನ್ ಗುಳ್ಳನಾಗಿ, ಎಂ.ಪಿ. ಶಂಕರ್ ಭೂತಯ್ಯನಾಗಿ ಅಭಿನಯಿಸಿದ್ದಾರೆ. ಊರನ್ನು ಹಿಂಡಿ ಹಿಪ್ಪೆ ಮಾಡಿದ ಭೂತಯ್ಯ ಸತ್ತಾಗ ಹೆಣಕ್ಕೆ ಹೆಗಲು ಕೊಡಲು ಊರಿನವರು ಬರುವುದಿಲ್ಲ. ತಂದೆಯ ಹೆಸರಿನ ಹೊರೆ ಹೊತ್ತ ಮಗ ಬದಲಾಗಬಲ್ಲನೇ? ಬದಲಾದರೆ ಊರು ಅವನನ್ನು ನಂಬುತ್ತದೆಯೇ? ಚಿತ್ರ ಈ ಪ್ರಶ್ನೆಗಳ ಮೂಲಕ ಸಾಗಿ, ಪ್ರವಾಹದ ನಡುವೆ ವೈರ ಕರಗುವಲ್ಲಿಗೆ ತಲುಪುತ್ತದೆ. ನೋಡುವವನ ಕಣ್ಣು ಒದ್ದೆಯಾಗುತ್ತದೆ. ಆದರೆ ಅವನ ಬೀದಿಯಲ್ಲೇ ತಂದೆಯ ಕುಡಿತಕ್ಕೋ ಬಡ್ಡಿವ್ಯವಹಾರಕ್ಕೋ ಕೋರ್ಟು ಕೇಸಿಗೋ ಇಂದಿಗೂ ಬೆಲೆ ತೆರುತ್ತಿರುವ ಒಬ್ಬ ಮಗ ಇರಬಹುದು. ಕ್ರಿಕೆಟ್ ಆಟಕ್ಕೆ ಅವನನ್ನು ಯಾರೂ ಕರೆಯುವುದಿಲ್ಲ. ಅಯ್ಯುವಿಗಾಗಿ ಮರುಗಿದವನು ಆ ಹುಡುಗನನ್ನು ಸೋಮವಾರ ಬಸ್ಸಿನಲ್ಲಿ ಕಂಡಾಗ ಪಕ್ಕಕ್ಕೆ ಸರಿದು ಜಾಗ ಕೊಡುತ್ತಾನೆಯೇ?

ರಾತ್ರಿ ಅವನು ಗಿರೀಶ್ ಕಾಸರವಳ್ಳಿಯವರ 'ಹಸೀನಾ' (2004) ನೋಡುತ್ತಾನೆನ್ನಿ. ಅದರ ಮೂಲವೂ ಹಾಸನದ್ದೇ. ಹಾಸನದಲ್ಲಿ ನೆಲೆಸಿರುವ, 2025ರಲ್ಲಿ ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ಅವರ 'ಕರಿನಾಗರಗಳು' ಕತೆ ಅದಕ್ಕೆ ಆಧಾರ. ಗಂಡ ಕೈಬಿಟ್ಟ ಹೆಣ್ಣುಮಗಳೊಬ್ಬಳು ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆ ನ್ಯಾಯ ಕೇಳುತ್ತಾ ಕೂರುತ್ತಾಳೆ. ತಾರಾ ಅವರಿಗೆ ಈ ಪಾತ್ರ ರಾಷ್ಟ್ರಪ್ರಶಸ್ತಿ ತಂದಿತು. ಚಿತ್ರದ ಮುತವಲ್ಲಿಯ ಮೇಲೆ ಸಿಟ್ಟುಗೊಳ್ಳುವುದು ಸುಲಭ. ಆದರೆ ನಮ್ಮ ಜಮಾಅತ್‌ಗಳಲ್ಲಿ, ನಮ್ಮ ಮೊಹಲ್ಲಾಗಳಲ್ಲಿ ಜೀವನಾಂಶಕ್ಕಾಗಿ ಅಲೆಯುವ ಹೆಣ್ಣುಮಕ್ಕಳು ಇಲ್ಲವೇ? ಅವರ ಅರ್ಜಿಯನ್ನು ಬರೆದುಕೊಡಲು, ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ಎಲ್ಲಿ ಸಿಗುತ್ತದೆಂದು ತಿಳಿಸಲು, ಕಚೇರಿಯವರೆಗೆ ಜೊತೆಗೆ ಹೋಗಲು ಒಬ್ಬ ಕಾಲೇಜು ವಿದ್ಯಾರ್ಥಿ ಸಾಕು. ಎರಡೂವರೆ ಗಂಟೆ ಸಿನಿಮಾ ನೋಡಿದವನಿಗೆ ಅದಕ್ಕೆ ಬೇಕಾದ ಒಂದು ಗಂಟೆ ಸಿಗದೆ ಹೋದರೆ, ಹಸೀನಾಳಿಗಾಗಿ ಸುರಿದ ಕಣ್ಣೀರು ಯಾರಿಗೆ ಸಲ್ಲಬೇಕಾದದ್ದು?

ಇದನ್ನೇ ಇನ್ನೂ ಕಟುವಾಗಿ ತೋರಿಸುವ ಚಿತ್ರ ಕಾಸರವಳ್ಳಿಯವರದೇ 'ಗುಲಾಬಿ ಟಾಕೀಸ್' (2008). ವೈದೇಹಿಯವರ ಕತೆಯನ್ನು ಆಧರಿಸಿದ ಈ ಚಿತ್ರದಲ್ಲಿ ಉಮಾಶ್ರೀ ಸಿನಿಮಾ ಹುಚ್ಚಿನ ಮುಸ್ಲಿಂ ಸೂಲಗಿತ್ತಿ. ಕರಾವಳಿಯ ಮೀನುಗಾರರ ನಡುವೆ ಒಂಟಿಯಾಗಿ ಬದುಕುವ ಅವಳ ಮನೆಗೆ ಬಣ್ಣದ ಟಿ.ವಿ. ಬರುತ್ತದೆ. ನೆರೆಕರೆಯ ಹೆಂಗಸರು ಅವಳ ಮನೆಯಲ್ಲಿ ಒಟ್ಟಿಗೆ ಕೂತು ನೋಡುತ್ತಾರೆ, ನಗುತ್ತಾರೆ, ಅಳುತ್ತಾರೆ. ಕಾರ್ಗಿಲ್ ಯುದ್ಧದ ಕಾಲದಲ್ಲಿ ಊರಿನಲ್ಲಿ ಕೋಮುದ್ವೇಷ ಹೊಗೆಯಾಡತೊಡಗಿದಾಗ ಗುಲಾಬಿಯನ್ನೇ ಅಲ್ಲಿಂದ ಹೊರಹಾಕಲಾಗುತ್ತದೆ. ಅವಳ ಚಾಪೆಯ ಮೇಲೆ ಕೂತು ಪರದೆಯ ಹೆಂಗಸರಿಗಾಗಿ ಅತ್ತ ಕಣ್ಣುಗಳು ಅವಳನ್ನು ಉಳಿಸಿಕೊಳ್ಳಲಿಲ್ಲ. ಒಟ್ಟಿಗೆ ನೋಡಿದವರು ಒಟ್ಟಿಗೆ ನಿಲ್ಲುತ್ತಾರೆಂಬ ಖಾತರಿಯಿಲ್ಲ. ಸಿನಿಮಾ ತಾನಾಗಿಯೇ ಮನುಷ್ಯನನ್ನು ತಿದ್ದುತ್ತದೆಂದು ನಂಬಿರುವವರಿಗೆ ಒಂದು ಸಿನಿಮಾವೇ ಕೊಟ್ಟ ಉತ್ತರವಿದು.

ಹಾಗೆಂದು ನಿರಾಶೆಯೂ ಸಲ್ಲದು. 1972ರ 'ಬಂಗಾರದ ಮನುಷ್ಯ' ನೋಡಿ ಕೆಲವರು ಪೇಟೆ ಬಿಟ್ಟು ಊರಿಗೆ ಮರಳಿ ಬೇಸಾಯಕ್ಕೆ ಇಳಿದರೆಂಬ ಮಾತು ಕರ್ನಾಟಕದಲ್ಲಿ ಇಂದಿಗೂ ಕೇಳಿಬರುತ್ತದೆ. ಸಿದ್ಧಲಿಂಗಯ್ಯನವರೇ ನಿರ್ದೇಶಿಸಿದ ಆ ಚಿತ್ರವನ್ನು ಲಕ್ಷಾಂತರ ಜನ ನೋಡಿದರು. ನೇಗಿಲು ಹಿಡಿದವರು ಕೆಲವರೇ ಇರಬಹುದು. ಆ ಕೆಲವರಿಗೆ ಅದು ನೋಡಿ ಮರೆಯುವ ಚಿತ್ರವಾಗಿ ಉಳಿಯಲಿಲ್ಲ.

ಎಲ್ಲ ಸಿನಿಮಾವೂ ಪಾಠವಾಗಲೇಬೇಕೇ ಎಂದು ಯಾರಾದರೂ ಕೇಳಬಹುದು. ಬೇಡ. 'ಭೂತಯ್ಯನ ಮಗ ಅಯ್ಯು' ಚಿತ್ರದಲ್ಲೇ ಲೋಕನಾಥ್ ಉಪ್ಪಿನಕಾಯಿ ತಿನ್ನುವ ದೃಶ್ಯವಿದೆ. ಅದರಿಂದ ಅವರಿಗೆ 'ಉಪ್ಪಿನಕಾಯಿ ಲೋಕನಾಥ್' ಎಂಬ ಹೆಸರೇ ಬಂತು. ಅದನ್ನು ನೋಡಿ ಹೊಟ್ಟೆ ಹುಣ್ಣಾಗುವಂತೆ ನಕ್ಕರೆ ಸಾಕು, ನೀತಿ ಹುಡುಕಬೇಕಿಲ್ಲ. ನಗುವೂ ವಿಶ್ರಾಂತಿಯೇ. ಹೊಸ ಹುರುಪಿನಿಂದ ಕೆಲಸಕ್ಕೆ ಮರಳಿದರೆ ಅದರ ಋಣ ತೀರುತ್ತದೆ. ಇನ್ನೊಬ್ಬರ ನೋವನ್ನು ನೋಡಿದ್ದರ ಋಣ ಅಷ್ಟು ಸುಲಭವಾಗಿ ತೀರುವುದಿಲ್ಲ. ಪರದೆಯ ಮೇಲಿನ ಹಸೀನಾ ನಿಜವಲ್ಲ, ಅವಳಿಗೆ ನಾವು ಏನೂ ಕೊಡಬೇಕಾಗಿಲ್ಲ. ಆದರೆ ಅವಳಂತೆ ಬದುಕುತ್ತಿರುವವರು ನಿಜ. ನಾವು ಸಾಲಗಾರರಾಗಿರುವುದು ಅವರಿಗೆ.

ಯೋಜನೆಯೂ ಒಂದು ಸಿನಿಮಾ

ವಾರಾಂತ್ಯದಲ್ಲಿ ವಿದ್ಯಾರ್ಥಿಗಳು ಮಾಡುವ ಇನ್ನೊಂದು ಕೆಲಸವಿದೆ. ಅದನ್ನು ಯಾವ ತಂದೆಯೂ ಗದರುವುದಿಲ್ಲ. ಅದೇ ಯೋಜನೆ ಹಾಕುವುದು. ಎರಡು ಸಿನಿಮಾಗಳ ನಡುವೆ ಒಂದು ಹಾಳೆ ತೆಗೆದು, ನಾಳೆಯಿಂದ ಐದಕ್ಕೆ ಏಳುವುದು, ಆರರಿಂದ ಎಂಟು ಓದುವುದು ಎಂದು ಬಣ್ಣಬಣ್ಣದ ಪೆನ್ನಿನಲ್ಲಿ ವೇಳಾಪಟ್ಟಿ ಬರೆಯುತ್ತಾರೆ. ಡಿಗ್ರಿ ಮುಗಿದ ಮೇಲೆ ಕೆ.ಎ.ಎಸ್., ಇಲ್ಲವಾದರೆ ಬಿ.ಇಡಿ., ಅದೂ ಇಲ್ಲವಾದರೆ ಬೆಂಗಳೂರು ಎಂದು ಮುಂದಿನ ಹತ್ತು ವರ್ಷಕ್ಕೂ ಯೋಜನೆ ಸಿದ್ಧವಾಗುತ್ತದೆ. ಬರೆದು ಮುಗಿಸಿದಾಗ ಮನಸ್ಸಿಗೆ ಅದೆಂಥದೋ ನೆಮ್ಮದಿ. ಅರ್ಧ ಕೆಲಸ ಮುಗಿದಷ್ಟು ಹಗುರ. ಆ ಹಗುರದಲ್ಲಿ ಇನ್ನೊಂದು ಸಿನಿಮಾ.

ಇವೆರಡೂ ಒಂದಕ್ಕೊಂದು ವಿರುದ್ಧವೆಂದು ನಾವು ತಿಳಿದಿದ್ದೇವೆ. ಸಿನಿಮಾ ಆಲಸ್ಯ, ಯೋಜನೆ ಶ್ರದ್ಧೆ ಎಂದುಕೊಳ್ಳುತ್ತೇವೆ. ನಿಜದಲ್ಲಿ ಇವು ಒಡಹುಟ್ಟಿದವು. ಏನೂ ಮಾಡದೆಯೇ ಅನುಭವಿಸಿದ ತೃಪ್ತಿಯನ್ನು ಸಿನಿಮಾ ಕೊಡುತ್ತದೆ. ಏನೂ ಮಾಡದೆಯೇ ಮಾಡಿದ ತೃಪ್ತಿಯನ್ನು ಯೋಜನೆ ಕೊಡುತ್ತದೆ. ಒಂದರಲ್ಲಿ ಇನ್ನೊಬ್ಬನ ಬದುಕನ್ನು ದೂರದಿಂದ ನೋಡುತ್ತೇವೆ. ಇನ್ನೊಂದರಲ್ಲಿ ನಮ್ಮದೇ ಬದುಕನ್ನು ದೂರದಿಂದ ನೋಡುತ್ತೇವೆ, ನಾವೇ ಅದರ ನಾಯಕರು.

ಇಮಾಮ್ ಗಝ್ಝಾಲಿ (1058-1111) ತಮ್ಮ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಬರೆದ ಪತ್ರ 'ಅಯ್ಯುಹಲ್ ವಲದ್', ಅಂದರೆ 'ಓ ಮಗನೇ', ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ವರ್ಷಗಟ್ಟಲೆ ಓದಿದ ಆ ಶಿಷ್ಯ, ಇಷ್ಟೆಲ್ಲ ಕಲಿತದ್ದರಲ್ಲಿ ನಾಳೆ ನನ್ನ ಉಪಯೋಗಕ್ಕೆ ಬರುವುದು ಯಾವುದೆಂದು ಕೇಳಿದ್ದ. ಗಝ್ಝಾಲಿ ಒಂದು ಉಪಮೆ ಕೊಡುತ್ತಾರೆ. ಕಾಡುದಾರಿಯಲ್ಲಿ ಹೋಗುವವನ ಬಳಿ ಹಿಂದೂಸ್ಥಾನದ ಹತ್ತು ಕತ್ತಿಗಳಿವೆ, ಅವನು ಯುದ್ಧ ಬಲ್ಲ ಧೀರನೂ ಹೌದು. ಸಿಂಹ ಮೇಲೆರಗಿದಾಗ ಅವನು ಕತ್ತಿಯನ್ನು ಬೀಸದೆ ಇದ್ದರೆ, ಕತ್ತಿ ತಾನಾಗಿಯೇ ಅವನನ್ನು ಕಾಪಾಡೀತೇ? ಗೋಡೆಗೆ ಅಂಟಿಸಿದ ವೇಳಾಪಟ್ಟಿಯೂ ಒರೆಯಲ್ಲಿರುವ ಕತ್ತಿಯೇ. ಅದು ಎಷ್ಟು ಚೆಂದವಿದ್ದರೂ ಪರೀಕ್ಷೆಯ ದಿನ ತಾನಾಗಿ ಹೊರಬರುವುದಿಲ್ಲ.

ಯೋಜನೆಯ ವಿಷಯದಲ್ಲಿ ಗೊರೂರಿನವರಿಗೆ ಇನ್ನೊಂದು ಪಾಠವೂ ಕಣ್ಣೆದುರೇ ಇದೆ. ಸುಮಾರು 37 ಟಿ.ಎಂ.ಸಿ. ನೀರು ಹಿಡಿಯುವ ಹೇಮಾವತಿ ಜಲಾಶಯ ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹೊಲಗಳಿಗೆ ನೀರು ಕೊಟ್ಟ ದೊಡ್ಡ ಯೋಜನೆ. ಅದು ಕಾಗದದಲ್ಲೇ ಉಳಿಯಲಿಲ್ಲ, ಕೆಲಸವಾಯಿತು. ಆದರೆ ಅದಕ್ಕೆ ಬೆಲೆ ತೆತ್ತದ್ದು ಮುಳುಗಿದ ಹಳ್ಳಿಗಳು. ಹತ್ತೊಂಬತ್ತನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಶೆಟ್ಟಿಹಳ್ಳಿಯ ಇಗರ್ಜಿ ಇಂದಿಗೂ ಹಿನ್ನೀರಿನಲ್ಲಿ ಹಾಳುಬಿದ್ದು ನಿಂತಿದೆ. ಮಳೆಗಾಲದಲ್ಲಿ ಅರ್ಧ ಮುಳುಗುವ ಅದನ್ನು ನೋಡಲು ವಾರಾಂತ್ಯಗಳಲ್ಲಿ ಕಾರುಗಳು, ಬೈಕುಗಳು ಸಾಲುಗಟ್ಟುತ್ತವೆ. ಬಂದವರು ಎಷ್ಟು ಸುಂದರ, ಸಿನಿಮಾದಲ್ಲಿದ್ದಂತಿದೆ ಎಂದು ಫೋಟೋ ತೆಗೆದುಕೊಂಡು ಹೋಗುತ್ತಾರೆ. ಅಲ್ಲಿ ಮದುವೆಯಾದವರು, ಅಲ್ಲಿ ಹಿರಿಯರನ್ನು ಮಣ್ಣು ಮಾಡಿದವರು ಊರು ಬಿಟ್ಟು ಎಲ್ಲಿಗೆ ಹೋದರು ಎಂದು ಕೇಳುವವರು ಅಪರೂಪ. ದುಃಖವನ್ನು ದೃಶ್ಯವಾಗಿ ನೋಡಿ ನೋಡಿ ಅಭ್ಯಾಸವಾದ ಕಣ್ಣು ನಿಜವಾದ ಊರನ್ನೂ ದೃಶ್ಯವಾಗಿಯೇ ನೋಡತೊಡಗುತ್ತದೆ. ನಾವು ನಿಜಕ್ಕೂ ಭಯಪಡಬೇಕಾದದ್ದು ಇದಕ್ಕೆ. ಹಾಳಾದ ಹತ್ತು ಗಂಟೆಯನ್ನು ಮುಂದಿನ ವಾರ ಸರಿದೂಗಿಸಬಹುದು. ಈ ಕಣ್ಣು ಕೆಟ್ಟರೆ ಸರಿಪಡಿಸುವುದು ಕಷ್ಟ.

ಹಿರಿಯರ ಪಾಲು

ಇಲ್ಲಿಯವರೆಗೆ ಹೇಳಿದ್ದೆಲ್ಲ ಮಕ್ಕಳಿಗೆ ಮಾತ್ರವೆಂದು ಹಿರಿಯರು ತಿಳಿಯಬಾರದು. ಈ ವಿಷಯದಲ್ಲಿ ನಮ್ಮ ಮನೆಗಳಿಗೆ ಗೊತ್ತಿರುವುದು ಎರಡೇ ದಾರಿ. ಒಂದೋ ಪೂರ್ತಿ ನಿಷೇಧ, ಇಲ್ಲವೇ ಪೂರ್ತಿ ನಿರ್ಲಕ್ಷ್ಯ. ಸಿನಿಮಾ ಎಂದೊಡನೆ ಹರಾಮ್ ಎಂದು ಬಾಗಿಲು ಮುಚ್ಚುವ ಮನೆಯಲ್ಲೇ ಮಗನ ಕೈಗೆ ಫೋನು ಕೊಟ್ಟು, ಕೋಣೆಯ ಬಾಗಿಲು ಹಾಕಿಕೊಂಡು ಅವನು ಏನು ನೋಡುತ್ತಾನೆಂದು ಕೇಳದೆ ಇರುವುದೂ ಇದೆ.

ಹದೀಸ್ ಗ್ರಂಥಗಳಲ್ಲಿ ಬಂದಿರುವ ಒಂದು ಘಟನೆ ಇಲ್ಲಿ ಸ್ಮರಣೀಯ. ಹಬ್ಬದ ದಿನ ಮಸೀದಿಯಲ್ಲಿ ಅಬಿಸೀನಿಯಾದವರು ಈಟಿ ಹಿಡಿದು ಆಟ ಆಡುತ್ತಿದ್ದರು. ಆಯಿಶಾ(ರ) ಅದನ್ನು ನೋಡಲು ಬಯಸಿದಾಗ ಪ್ರವಾದಿವರ್ಯರು(ಸ) ಅವರಿಗೆ ಮರೆಯಾಗಿ ನಿಂತು, ಅವರಿಗೆ ಸಾಕೆನಿಸುವವರೆಗೂ ಹಾಗೆಯೇ ನಿಂತುಕೊಂಡರು. ಈ ಘಟನೆಯನ್ನು ಮನರಂಜನೆಗೆ ಅನುಮತಿಯಿದೆ ಎಂಬುದಕ್ಕೆ ಆಧಾರವಾಗಿ ಉಲ್ಲೇಖಿಸುವುದುಂಟು. ಅದರಲ್ಲಿ ಇನ್ನೊಂದು ಅಂಶವೂ ಇದೆ. ಅವರು ನೋಡಬೇಡ ಎನ್ನಲಿಲ್ಲ, ನೋಡಿಕೋ ಎಂದು ಬಿಟ್ಟು ಹೋಗಲೂ ಇಲ್ಲ. ಜೊತೆಗೆ ನಿಂತರು. ಕಿರಿಯರ ಸಂತೋಷದ ಪಕ್ಕದಲ್ಲಿ ತಾಳ್ಮೆಯಿಂದ ನಿಲ್ಲುವ ಈ ಗುಣ ಇಂದಿನ ಹಿರಿಯರಲ್ಲಿ ಕಡಿಮೆಯಾಗಿದೆ. ಭಾನುವಾರ ಸಂಜೆ ಮಗ ನೋಡುವ ಚಿತ್ರವನ್ನು ತಂದೆ ಪಕ್ಕದಲ್ಲಿ ಕೂತು ನೋಡಿದರೆ, ನಂತರ "ಆ ಊರಿನವರು ಮಾಡಿದ್ದು ಸರಿಯೇನೋ?" ಎಂದು ಕೇಳಿದರೆ, ಅದು ನೂರು ಗದರಿಕೆಗಿಂತ ಹೆಚ್ಚಿನ ಕೆಲಸ ಮಾಡೀತು. ಹಾಗೆ ಪಕ್ಕದಲ್ಲಿ ಕೂರಲು ನಾಚಿಕೆಯಾಗುವಂಥ ಚಿತ್ರವಿದ್ದರೆ, ಅದನ್ನು ನೋಡಬೇಕೇ ಬೇಡವೇ ಎಂಬುದು ಮಗನಿಗೆ ಯಾರೂ ಹೇಳದೆಯೇ ತಿಳಿಯುತ್ತದೆ.

ಹಾಗಾದರೆ ವಿದ್ಯಾರ್ಥಿ ಏನು ಮಾಡಬೇಕು? ನಾಲ್ಕರ ಬದಲು ಒಂದನ್ನು ನೋಡಲಿ, ಪೂರ್ತಿ ಮನಸ್ಸಿಟ್ಟು ನೋಡಲಿ. ಆಗುವುದಾದರೆ ಯಾರ ಜೊತೆಗಾದರೂ ನೋಡಲಿ. ಅದಕ್ಕೆ ಮೊದಲು ಅಸೈನ್‌ಮೆಂಟಿನ ಒಂದು ಪುಟವಾದರೂ ಬರೆದಿರಲಿ, ಏಕೆಂದರೆ ಕೆಲಸ ಬಾಕಿ ಇರುವವನ ಕಣ್ಣು ಸಿನಿಮಾವನ್ನೂ ನೆಮ್ಮದಿಯಿಂದ ನೋಡದು. ಹತ್ತು ವರ್ಷದ ಯೋಜನೆಗಿಂತ ನಾಳೆಯ ಒಂದು ಕೆಲಸವನ್ನು ಗೊತ್ತುಮಾಡಿಕೊಳ್ಳಲಿ. ಚಿತ್ರ ಮುಗಿದ ಮೇಲೆ ಫೋನು ಮುಂದಿಡುವ ಮತ್ತೊಂದನ್ನು ತೆರೆಯದೆ ಹೊಳೆಯ ಕಡೆಗೆ ಹತ್ತು ನಿಮಿಷ ನಡೆದು ಬರಲಿ. ಆ ಹತ್ತು ನಿಮಿಷದಲ್ಲಿ ಒಂದೇ ಪ್ರಶ್ನೆ ಕೇಳಿಕೊಂಡರೆ ಸಾಕು: ಈಗ ನೋಡಿದವರಲ್ಲಿ ಯಾರು ನನ್ನ ಊರಿನಲ್ಲೇ ಇದ್ದಾರೆ, ಅವರ ಮನೆ ಯಾವುದು?

ಉತ್ತರ ಹೆಚ್ಚಾಗಿ ಗೊತ್ತೇ ಇರುತ್ತದೆ. ಆ ಮನೆಯ ಬಾಗಿಲು ತಟ್ಟಲು ಸಿನಿಮಾದಷ್ಟು ಹೊತ್ತೂ ಬೇಕಾಗುವುದಿಲ್ಲ.